ಅಪ್ಪಯ್ಯನ ಜೋಡು ನಳಿಗೆ ಕೋವಿಯಲ್ಲಿ ಕ್ಲೇ ಹೊಡೆಯಬಹುದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಡೆಯಬಹುದು. ಪದಕ ಬರುವುದಿಲ್ಲ, ಆದರೆ ಗಾಳಿಯಲ್ಲಿ ಹಾರುವ ಕ್ಲೇ ತಟ್ಟೆ ಒಡೆಯುತ್ತದೆ. ದುಡ್ಡು ಹಾಕುವುದಾದರೆ ನಳಿಗೆಗೆ ಒಂದು ಪೈಸೆಯೂ ಬೇಡ, ಕೆನ್ನೆ ತಾಗುವ ಜಾಗಕ್ಕೆ ಹಾಕಿ. ಆಮೇಲೆ ಉಳಿದರೆ ತೋಟೆಗೆ, ಅಂದರೆ ಕಾರ್ಟ್ರಿಜ್‌ಗೆ, ಹಾಕಿ.

ಕೋವಿ ಯಾವುದೆಂದರೆ 12 ಬೋರಿನದು, ನಮ್ಮ ದೇಶದ್ದೇ ತಯಾರಿ. ಅಕ್ಕಪಕ್ಕ ಎರಡು ನಳಿಗೆ, 30 ಇಂಚು ಉದ್ದ, ಎರಡು ಟ್ರಿಗರ್. ಅಡಿಕೆ ತೋಟಕ್ಕೆ ಮಂಗ, ಹಂದಿ ನುಗ್ಗುತ್ತವೆ ಅಂತ ಅಪ್ಪಯ್ಯ ತೆಗೆದುಕೊಂಡದ್ದು. ಶಿರಸಿ ಕಡೆಯ ಹವ್ಯಕರ ಮನೆ ಕೋವಿ ಅಂದರೆ ಗೊತ್ತಲ್ಲ, ಸದ್ದಿಗಷ್ಟೇ. ಒಂದು ಈಡು ಹೊಡೆದರೆ ಮಂಗಗಳು ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತವೆ, ಅವರು ಹೊಡೆದರೆ ವಾಪಸು ಬರುತ್ತವೆ. ಶಿಕಾರಿಯಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಕತೆ. ಹಾಗಾಗಿ ಹೆಸರಿಗೆ ಬೇಟೆಕೋವಿ, ಜೀವಮಾನವೆಲ್ಲ ಅಟ್ಟದ ಮೇಲೆ. ಚುನಾವಣೆ ಬಂದಾಗ ಮಾತ್ರ ಪೊಲೀಸ್ ಠಾಣೆಗೆ ಒಂದು ಪ್ರವಾಸ.

ಕ್ಲೇ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಮಾಡಿದ ಸಣ್ಣ ತಟ್ಟೆ. ಅಗಲ 110 ಮಿಲಿಮೀಟರ್, ತೂಕ 105 ಗ್ರಾಂ. ಯಂತ್ರ ಅದನ್ನು ಎಸೆಯುತ್ತದೆ, ನಾವು ಗಾಳಿಯಲ್ಲೇ ಒಡೆಯಬೇಕು. ಒಂದು ಸುತ್ತಿಗೆ 25 ತಟ್ಟೆ. ಆಟದ ಮುಖ್ಯ ಬಗೆ ಎರಡು, ಟ್ರ್ಯಾಪ್ ಮತ್ತು ಸ್ಕೀಟ್. ಟ್ರ್ಯಾಪ್‌ನಲ್ಲಿ ತಟ್ಟೆ ನಮ್ಮಿಂದ ದೂರ ಓಡುತ್ತಾ ಮೇಲೇರುತ್ತದೆ. ಸ್ಕೀಟ್‌ನಲ್ಲಿ ಎಡ ಬಲದ ಎರಡು ಗೂಡುಗಳಿಂದ ಅಡ್ಡ ಹಾಯುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ತಂದದ್ದು ಎರಡು ತಟ್ಟೆ ಒಟ್ಟಿಗೆ ಹಾರುವ ಡಬಲ್ ಟ್ರ್ಯಾಪ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಜೋಡಿಗೆ ಸ್ಕೀಟ್ ಕಂಚು ತಪ್ಪಿದ್ದು ಒಂದೇ ಒಂದು ತಟ್ಟೆಯಲ್ಲಿ. ಕೊಡಗಿನವರು ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅದು ಬೇರೆ ವಿದ್ಯೆ. ಕಾಯಿ ಕಟ್ಟಿದಲ್ಲೇ ಇರುತ್ತದೆ.

ಈ ಆಟಕ್ಕೆ ಅಂತಲೇ ಮಾಡಿದ ಇಟಲಿ ಕೋವಿಗಳಿವೆ. ಬೆರೆಟ್ಟಾ, ಪೆರಾಜಿ. ನಳಿಗೆ ಒಂದರ ಮೇಲೊಂದು. ಬೆಲೆ ಲಕ್ಷಗಳ ಲೆಕ್ಕ. ಅಡಿಕೆಗೆ ಎಷ್ಟೇ ರೇಟ್ ಬರಲಿ, ಆ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯ ನನಗಿಲ್ಲ. ಇರುವ ಕೋವಿಯನ್ನೇ ಹದ ಮಾಡಿಕೊಳ್ಳೋಣ ಅಂತ ಹೊರಟೆ.

ಕಾಗದದ ವಿಷಯ ಮೊದಲು. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಹಿಡಿದುಕೊಂಡು ಬೇರೆ ಜಿಲ್ಲೆಯ ಶೂಟಿಂಗ್ ರೇಂಜಿಗೆ ಹೋಗಲು ಬರುವುದಿಲ್ಲ. ಪುಸ್ತಕದಲ್ಲಿ ಯಾವ ಕಾರಣ ಬರೆದಿದೆ, ಯಾವ ವ್ಯಾಪ್ತಿ ಬರೆದಿದೆ, ವರ್ಷಕ್ಕೆ ಎಷ್ಟು ತೋಟೆ ಬರೆದಿದೆ, ಮೂರನ್ನೂ ನೋಡಿ. ನನ್ನದರಲ್ಲಿ ಕ್ರೀಡೆ ಅಂತಲೂ ಇದೆ, ವ್ಯಾಪ್ತಿ ರಾಜ್ಯ ಪೂರ್ತಿ ಇದೆ. ಅದಕ್ಕಾಗಿ ದೇವಿಮನೆ ಘಟ್ಟ ಇಳಿದು ಕಾರವಾರದ ಡಿಸಿ ಆಫೀಸಿಗೆ ಅಲೆದದ್ದು ಬೇರೆ ಪುರಾಣ, ಇಲ್ಲಿ ಬೇಡ. ಇನ್ನೊಂದು ಮುಖ್ಯ ಸಂಗತಿ. ನಳಿಗೆ ಕತ್ತರಿಸುವುದು, ಒಳಗೆ ಕೊರೆಯುವುದು, ಟ್ರಿಗರ್ ತಿದ್ದುವುದು ಇವಕ್ಕೆಲ್ಲ ಮನೆಯಲ್ಲಿ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ನಳಿಗೆ ಗಿಡ್ಡ ಮಾಡುವುದಂತೂ ನೇರ ಅಪರಾಧ. ನಾನು ಮಾಡಿದ್ದೆಲ್ಲ ಹೊರಗಿನಿಂದ ಕಟ್ಟಿ, ಬೇಕಾದಾಗ ಬಿಚ್ಚುವ ಕೆಲಸ.

ಈಗ ಕೋವಿಗೆ ಬರೋಣ.

ಬೇಟೆಕೋವಿಯನ್ನು ಹೊತ್ತು ತಿರುಗುವುದು ಜಾಸ್ತಿ, ಹೊಡೆಯುವುದು ಕಡಿಮೆ. ಹಾಗಾಗಿ ಹಗುರ ಮಾಡಿರುತ್ತಾರೆ. ನನ್ನದು ಮೂರು ಕೆ.ಜಿ. ಆಸುಪಾಸು. ಟ್ರ್ಯಾಪ್ ಕೋವಿ ಮೂರೂವರೆ ದಾಟಿ ನಾಲ್ಕರ ಹತ್ತಿರ ಹೋಗುತ್ತದೆ. ಹಗುರ ಕೋವಿ ಜಾಸ್ತಿ ಒದೆಯುತ್ತದೆ. ನಳಿಗೆ ಸರಕ್ಕನೆ ತಿರುಗುತ್ತದೆ, ಅಷ್ಟೇ ಸರಕ್ಕನೆ ನಿಂತೂ ಬಿಡುತ್ತದೆ. ಓಡುವ ತಟ್ಟೆಯ ಹಿಂದೆ ನಳಿಗೆ ನಿಲ್ಲದೆ ಸಾಗುತ್ತಿರಬೇಕು. ನಿಂತರೆ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸೀಸದ ಕಾಳು, ತಟ್ಟೆಯ ಹಿಂದೆ ಹೋಗುತ್ತದೆ.

ಆದರೆ ದೊಡ್ಡ ತೊಂದರೆ ತೂಕದ್ದಲ್ಲ, ಮರದ ಆಕಾರದ್ದು. ಬೇಟೆಕೋವಿಯ ಮರ, ಅಂದರೆ ಸ್ಟಾಕ್, ಹಿಂದಕ್ಕೆ ಹೋದ ಹಾಗೆ ಕೆಳಗೆ ಇಳಿಯುತ್ತದೆ. ಕೆನ್ನೆ ಸ್ವಲ್ಪ ಮುಂದೆ ಇಟ್ಟರೆ ಕಣ್ಣು ಒಂದು ಎತ್ತರದಲ್ಲಿ, ಸ್ವಲ್ಪ ಹಿಂದೆ ಇಟ್ಟರೆ ಇನ್ನೊಂದು ಎತ್ತರದಲ್ಲಿ. ಚರೆಕೋವಿಗೆ ಹಿಂದೆ ಗುರಿಕಂಡಿ ಇಲ್ಲ. ಮುಂದೊಂದು ಮಣಿ, ಹಿಂದೆ ನಿಮ್ಮ ಕಣ್ಣು. ಕಣ್ಣೇ ಹಿಂದಿನ ಗುರಿ. ಅದು ಪ್ರತಿ ಸಲ ಬೇರೆ ಜಾಗದಲ್ಲಿದ್ದರೆ ಚರೆಯೂ ಪ್ರತಿ ಸಲ ಬೇರೆ ಜಾಗಕ್ಕೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಕಣ್ಣಿನಿಂದ ಮಣಿಗೆ ಸುಮಾರು ಒಂದು ಮೀಟರ್. ಕಣ್ಣು 3 ಮಿಲಿಮೀಟರ್ ಮೇಲೆ ಕೆಳಗೆ ಆದರೆ 36 ಮೀಟರ್ ದೂರದಲ್ಲಿ 11 ಸೆಂಟಿಮೀಟರ್ ವ್ಯತ್ಯಾಸ. ಅರ್ಧ ಗೇಣು. ತಟ್ಟೆಯೇ ಅಷ್ಟು ಅಗಲ ಇರುವುದು.

ಟ್ರ್ಯಾಪ್‌ನಲ್ಲಿ ಮತ್ತೊಂದು ಗಂಟು ಇದೆ. ತಟ್ಟೆ ಮೇಲೇರುತ್ತಿರುತ್ತದೆ. ಕೋವಿ ಗುರಿ ಇಟ್ಟಲ್ಲಿಗೇ ಹೊಡೆದರೆ ನಳಿಗೆಯಿಂದ ತಟ್ಟೆಯನ್ನು ಮುಚ್ಚಿ ಹೊಡೆಯಬೇಕು. ಆಗ ತಟ್ಟೆ ಕಾಣುವುದಿಲ್ಲ. ಅದಕ್ಕೇ ಟ್ರ್ಯಾಪ್ ಕೋವಿಗಳನ್ನು ಸ್ವಲ್ಪ ಮೇಲಕ್ಕೇ ಹೊಡೆಯುವಂತೆ ಮಾಡಿರುತ್ತಾರೆ. ನಮ್ಮ ಕೋವಿಯಲ್ಲಿ ಅದನ್ನು ಸಾಧಿಸುವ ಅಗ್ಗದ ದಾರಿ ಒಂದೇ. ಕೆನ್ನೆ ಎತ್ತರಿಸುವುದು.

ಇದಕ್ಕೆ ಅಂತ ಮಾಡಿದ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಾನು ಹೋದದ್ದು ಶಿರಸಿಯಲ್ಲಿ ಬೈಕ್ ಸೀಟು ಹೊಲಿಯುವವರ ಹತ್ತಿರ. ಪೇಟೆಗೆ ಕೋವಿ ಒಯ್ಯಲಿಲ್ಲ. ದಪ್ಪ ರಟ್ಟಿನಲ್ಲಿ ಮರದ ಅಳತೆ ಕತ್ತರಿಸಿ ಒಯ್ದೆ. ಅವರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ಯಾವ ಗಾಡಿ ಸೀಟು ಹೆಗಡೇರೇ?"

ವಿಷಯ ಹೇಳಿದೆ. ನಕ್ಕರು, ಆದರೆ ಕೆಲಸ ಬಿಡಲಿಲ್ಲ. ಸೀಟಿಗೆ ಹಾಕುವ ಸ್ಪಂಜು ಹಾಕಿಕೊಡುತ್ತೇನೆ ಅಂದರು. "ಮೆತ್ತಗಿರ್ಲಿ, ಹಾಯಾಗಿರ್ತದೆ."

"ಕೂರೋದಲ್ಲ ಮಾರಾಯ್ರೇ, ಕೆನ್ನೆ ಇಡೋದು."

ಈ ಜಾಗದಲ್ಲಿ ಮೆತ್ತನೆಯದು ಕೆಲಸಕ್ಕೆ ಬಾರದು. ಸ್ಪಂಜು ಒತ್ತಿದಷ್ಟು ಕುಸಿಯುತ್ತದೆ. ಜೋರಾಗಿ ಒತ್ತಿದ ದಿನ ಒಂದು ಎತ್ತರ, ಹಗುರಾಗಿ ಒತ್ತಿದ ದಿನ ಇನ್ನೊಂದು. ಬೇಕಾದದ್ದು ಚಪ್ಪಲಿ ಅಟ್ಟೆಗೆ ಹಾಕುವ ಗಟ್ಟಿ ರಬ್ಬರ್ ಹಾಳೆ. 3 ಮಿಲಿಮೀಟರ್ ದಪ್ಪದ್ದು ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಪದರ ಪದರವಾಗಿ ಕತ್ತರಿಸಿದೆವು. ಮುಂದೆ ಒಂದು ಪದರ, ನಡುವೆ ಎರಡು, ಹಿಂದೆ ಮೂರು. ಹೀಗೆ ಮಾಡಿದಾಗ ಇಳಿಜಾರು ಮರದ ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಕೆನ್ನೆ ಎಲ್ಲಿಟ್ಟರೂ ಕಣ್ಣು ಒಂದೇ ಎತ್ತರ. ಅದಕ್ಕಿಂತ ದೊಡ್ಡ ಲಾಭ ಒಂದಿದೆ. ಇಳಿಜಾರು ಮರ ಹಿಂದಕ್ಕೆ ಒದ್ದಾಗ ಅದರ ಎತ್ತರದ ಮುಂಭಾಗ ಬಂದು ಕೆನ್ನೆ ಮೂಳೆಗೆ ಬಡಿಯುತ್ತದೆ. ಸಮತಟ್ಟಾದ ಮೇಲೆ ಆ ಬಡಿತವೇ ಹೋಯಿತು. ಪದರಗಳ ಮೇಲೆ ಚರ್ಮದ ಕವರ್, ಅಡಿಯಲ್ಲಿ ತೂತು, ಬೂಟಿನ ದಾರ. ಬಿಗಿದು ಕಟ್ಟಿದರೆ ಅಲ್ಲಾಡುವುದಿಲ್ಲ. ಹೊಲಿಗೆಯ ಗಂಟು ಕೆನ್ನೆಯ ಕಡೆ ಬಾರದಂತೆ ನೋಡಿಕೊಳ್ಳಿ. ನಮ್ಮವರು ಹೇಳದೆಯೇ ಆಚೆ ಬದಿಗೆ ಹಾಕಿದ್ದರು. ಸೀಟು ಹೊಲಿದ ಕೈ ಅಲ್ವಾ, ಒತ್ತುವ ಜಾಗ ಗೊತ್ತು.

ಸರಿಯಾಗಿದೆಯಾ ಅಂತ ನೋಡುವುದು ಹೀಗೆ. ಕೋವಿ ಮುರಿದು, ಅಂದರೆ ನಡುವೆ ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಇದೆ ಅಂತ ಖಾತ್ರಿ ಮಾಡಿ. ಇನ್ನೊಮ್ಮೆ ಮಾಡಿ. ಜನ ಇಲ್ಲದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತನ್ನಿ, ಕಣ್ಣು ಬಿಡಿ. ನಳಿಗೆಯ ಬುಡದ ಕಬ್ಬಿಣ ಮಾತ್ರ ಕಂಡು ಮಣಿ ಮುಚ್ಚಿಹೋದರೆ ಕೆನ್ನೆ ತಗ್ಗು. ಎರಡು ನಳಿಗೆಯ ನಡುವಿನ ಪಟ್ಟಿ ಉದ್ದಕ್ಕೆ ಜಾಸ್ತಿ ಕಂಡರೆ ಎತ್ತರ ಹೆಚ್ಚು. ಟ್ರ್ಯಾಪ್‌ಗಾದರೆ ಪಟ್ಟಿ ಸ್ವಲ್ಪವೇ ಕಾಣುತ್ತಾ ಅದರ ತುದಿಯಲ್ಲಿ ಮಣಿ ಕೂತಿರಬೇಕು. ಒಂದು ಪದರ ತೆಗೆದು, ಒಂದು ಹಾಕಿ, ನಿಮ್ಮ ಮುಖಕ್ಕೆ ಹೊಂದಿಸಿಕೊಳ್ಳಿ. ನನ್ನ ಅಳತೆ ನಿಮಗೆ ಆಗುವುದಿಲ್ಲ.

ಭುಜದ ಕಡೆಗೆ ರಬ್ಬರಿನ ಟೊಪ್ಪಿ ಹಾಕಿದೆ. ಸೇರಿಸಿ ಎಳೆದರೆ ಕೂರುವ ಜಾತಿಯದು. ಒದೆತ ಕಡಿಮೆಯಾಗುತ್ತದೆ, ಉದ್ದ ಸುಮಾರು ಒಂದು ಇಂಚು ಹೆಚ್ಚುತ್ತದೆ. ಕೈ ಉದ್ದ ಇದ್ದವರಿಗೆ ಅನುಕೂಲ, ಗಿಡ್ಡ ಇದ್ದವರಿಗೆ ಕೋವಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಅಂಗಿಗೆ ಅಂಟುವುದೂ ಉಂಟು. ಅದರ ಮೇಲಂಚಿಗೆ ನುಣುಪಾದ ಟೇಪ್ ಸುತ್ತಿದರೆ ಜಾರಿಕೊಂಡು ಬರುತ್ತದೆ. ಈ ಟೊಪ್ಪಿಯ ಒಳಗೆ ಸೀಸ ತುಂಬಿದೆ. ಕಾರವಾರದಿಂದ ವಾಪಸು ಬರುವಾಗ ಅಂಕೋಲೆಯಲ್ಲಿ ಮೀನು ಬಲೆ ಮಾರುವ ಅಂಗಡಿಯಲ್ಲಿ ತೆಗೆದುಕೊಂಡ ಸೀಸದ ಗುಂಡುಗಳು, ಬಲೆಯ ಅಂಚಿಗೆ ಕಟ್ಟುತ್ತಾರಲ್ಲ, ಅವೇ. ಸುಮಾರು 200 ಗ್ರಾಂ. ಇದರಿಂದ ಲಾಭ ಇದೆಯಾ? ಇದೆ, ಸ್ವಲ್ಪ. ಒದೆತ ತುಸು ತಗ್ಗಿತು. ಆದರೆ ಹಿಂದೆ ಭಾರವಾದಷ್ಟು ಮುಂದೆ ಹಗುರವೆನಿಸುತ್ತದೆ, ನಳಿಗೆ ಇನ್ನೂ ಚಂಚಲವಾಗುತ್ತದೆ. 200ಕ್ಕಿಂತ ಜಾಸ್ತಿ ಹಾಕಬೇಡಿ. ಇದನ್ನು ಬಿಟ್ಟರೂ ನಡೆಯುತ್ತದೆ.

ಬಿಡಬಾರದ್ದು ತೋಟೆಯ ವಿಷಯ. ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್. ಊರಿನವರು ಕೇಳುವುದು ಎಲ್‌ಜಿ, ಎಸ್‌ಜಿ, ಇಲ್ಲವೇ 4 ನಂಬರ್. ಇವೆಲ್ಲ ಚರೆಯ ಗಾತ್ರದ ಹೆಸರು, ತೋಟ ಕಾಯುವ ಲೆಕ್ಕದವು. ನಂಬರ್ ಏರಿದಷ್ಟು ಚರೆ ಸಣ್ಣದು. ಚರೆ ದೊಡ್ಡದಾದಷ್ಟು ಎಣಿಕೆ ಕಡಿಮೆ. ಎಸ್‌ಜಿಯಲ್ಲಿ ಬೆರಳಲ್ಲಿ ಎಣಿಸುವಷ್ಟು ಚರೆ. ಕ್ಲೇಗೆ ಬೇಕಾದದ್ದು ಸಣ್ಣ ಚರೆ, ದಟ್ಟ ಹರಡು. ಟ್ರ್ಯಾಪ್‌ಗೆ ಏಳೂವರೆ ನಂಬರ್, ಸ್ಕೀಟ್‌ಗೆ 9. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಚರೆಯ ತೂಕ 24 ಗ್ರಾಂ. ಏಳೂವರೆ ನಂಬರಿನಲ್ಲಿ ಅಷ್ಟು ತೂಕಕ್ಕೆ ಸುಮಾರು 300 ಚರೆ ಬರುತ್ತವೆ. ಬೇಟೆ ತೋಟೆಗಳಲ್ಲಿ ಚರೆ 30 ಗ್ರಾಂ ದಾಟುತ್ತದೆ. ಹಗುರ ಕೋವಿಯಲ್ಲಿ ಅವನ್ನು ಸಾಲಾಗಿ ಹೊಡೆದರೆ ಸಂಜೆ ಅಡಿಕೆ ಸುಲಿಯಲು ಕೂರಲಿಕ್ಕೂ ಭುಜ ಬಿಡುವುದಿಲ್ಲ. 24 ಗ್ರಾಂ ತೋಟೆಗೆ ಬದಲಾದರೆ ಸಿಗುವ ಸುಖ ಯಾವ ರಬ್ಬರ್ ಟೊಪ್ಪಿಯೂ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಹಳೆಯ ಕೋವಿಗಳ ತೋಟೆ ಕೂರುವ ಮನೆ ಎರಡೂವರೆ ಇಂಚಿನದು, ಅಂದರೆ 65 ಮಿಲಿಮೀಟರ್. ಈಗಿನ ಕ್ಲೇ ತೋಟೆ ಹೆಚ್ಚಿನವು 70. ಅಪಾಯ ಏನೆಂದರೆ, 70ರ ತೋಟೆ 65ರ ಮನೆಯಲ್ಲೂ ಸಲೀಸಾಗಿ ಕೂತುಬಿಡುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ಮುರಿದು ನಳಿಗೆಯ ಅಡಿಯಲ್ಲಿ ಒತ್ತಿದ ಅಂಕಿ ನೋಡಿ. ಅಂಕಿ ಅಳಿಸಿದ್ದರೆ, ತುಕ್ಕು ಹಿಡಿದಿದ್ದರೆ, ನಳಿಗೆ ಬುಡದಲ್ಲಿ ಲಟಲಟ ಅಂದರೆ ಲೈಸೆನ್ಸ್ ಇರುವ ಕಮ್ಮಾರನಿಗೆ ತೋರಿಸದೆ ಒಂದು ಈಡೂ ಹೊಡೆಯಬೇಡಿ. ನನ್ನದು 70ರದ್ದು ಅಂತ ತೋರಿಸಿ ಖಾತ್ರಿ ಮಾಡಿಕೊಂಡೇ ಮುಂದುವರಿದದ್ದು.

ರೇಂಜಿಗೆ ಹೋದವರು ತಟ್ಟೆಗೆ ಮೊದಲು ಕಾಗದಕ್ಕೆ ಹೊಡೆಯಿರಿ. 40 ಗಜ ದೂರಕ್ಕೆ ದೊಡ್ಡ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ ಇಟ್ಟು, ಒಂದು ಈಡು. ಚರೆ ದಟ್ಟವಾಗಿ ಬಿದ್ದ ಜಾಗದ ಸುತ್ತ 30 ಇಂಚಿನ ವೃತ್ತ ಎಳೆದು ತೂತು ಎಣಿಸುವುದು. ನಳಿಗೆಯ ಬಾಯಿ ಎಷ್ಟು ಬಿಗಿ ಅನ್ನುವುದಕ್ಕೆ ಚೋಕ್ ಅನ್ನುತ್ತಾರಲ್ಲ, ಅದರ ಲೆಕ್ಕ ಇದರಲ್ಲೇ ಸಿಗುತ್ತದೆ. ಫುಲ್ ಚೋಕ್ ಆದರೆ ನೂರಕ್ಕೆ 70 ಚರೆ ಒಳಗೆ ಬೀಳಬೇಕು. ಮಾಡಿಫೈಡ್ ಆದರೆ 60. ಏನೂ ಬಿಗಿ ಇಲ್ಲದ ನಳಿಗೆಯಾದರೆ 40. ನನ್ನ ಕೋವಿಯ ಎಡ ನಳಿಗೆ ಫುಲ್, ಬಲ ನಳಿಗೆ ಅದಕ್ಕಿಂತ ಸಡಿಲ. ಹೆಚ್ಚಿನ ಜೋಡು ನಳಿಗೆಗಳು ಹೀಗೇ. ಟ್ರ್ಯಾಪ್‌ಗೆ ಇದು ಹೇಳಿ ಮಾಡಿಸಿದಂತಿದೆ. ಮುಂದಿನ ಟ್ರಿಗರ್ ಒತ್ತಿದರೆ ಬಲ ನಳಿಗೆ, ತಟ್ಟೆ ಹತ್ತಿರ ಇರುವಾಗ. ತಪ್ಪಿದರೆ ಹಿಂದಿನ ಟ್ರಿಗರ್, ಎಡ ನಳಿಗೆ, ತಟ್ಟೆ ದೂರ ಹೋದಾಗ. ಸ್ಕೀಟ್‌ಗೆ ಮಾತ್ರ ಈ ಕೋವಿ ಬೇಡ. ಅಲ್ಲಿ ತಟ್ಟೆ ಸುಮಾರು 20 ಮೀಟರಿನಲ್ಲೇ ಹಾಯುತ್ತದೆ. ಫುಲ್ ಚೋಕಿನಲ್ಲಿ ಚರೆ ಹರಡುವಷ್ಟು ಹೊತ್ತೇ ಇಲ್ಲ. ತಾಗಿದರೆ ಪುಡಿ, ಇಲ್ಲದಿದ್ದರೆ ಏನೂ ಇಲ್ಲ. ಚೋಕ್ ಕೊರೆಸಿ ಸಡಿಲ ಮಾಡಿಸಬಹುದು ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕೊರೆದದ್ದನ್ನು ವಾಪಸು ತುಂಬಲು ಬರುವುದಿಲ್ಲ. ನಾನು ಒಪ್ಪಲಿಲ್ಲ.

ಎರಡು ಟ್ರಿಗರಿನ ತಾಪತ್ರಯ ಇದೆಯಾ ಅಂತ ಕೇಳುತ್ತಾರೆ. ಸ್ವಲ್ಪ ಇದೆ. ಬೆರಳು ಹಿಂದಕ್ಕೆ ಜಾರಬೇಕು, ಜೊತೆಗೆ ಹಿಡಿತವೂ ಕದಲುತ್ತದೆ. ಆದರೆ ಅದಕ್ಕಿಂತ ದೊಡ್ಡ ತಲೆನೋವು ಸೇಫ್ಟಿ, ಅಂದರೆ ಟ್ರಿಗರ್ ಒತ್ತಿದರೂ ಈಡು ಹಾರದಂತೆ ತಡೆಯುವ ಗುಂಡಿ. ಹೆಚ್ಚಿನ ಬೇಟೆಕೋವಿಗಳಲ್ಲಿ ಕೋವಿ ಮುರಿದ ಕೂಡಲೇ ಸೇಫ್ಟಿ ತಾನೇ ಹಿಂದಕ್ಕೆ ಬಂದು ಕೂರುತ್ತದೆ. ಪ್ರತಿ ತಟ್ಟೆಗೂ ಅದನ್ನು ಮುಂದೆ ತಳ್ಳಬೇಕು. ಮರೆತರೆ ತಟ್ಟೆ ಎಸೆಯಲು "ಪುಲ್" ಅಂತ ಕೂಗಿ, ತಟ್ಟೆ ಹಾರಿ, ಟ್ರಿಗರ್ ಎಷ್ಟು ಒತ್ತಿದರೂ ಸದ್ದಿಲ್ಲ. ಹಿಂದೆ ನಿಂತವರು ಮಾತ್ರ ನಗುತ್ತಾರೆ. ಸೇಫ್ಟಿ ತಾನೇ ಕೂರುವುದನ್ನು ತಪ್ಪಿಸಿಕೊಡುವ ಕೆಲಸ ಲೈಸೆನ್ಸ್ ಇರುವ ಕಮ್ಮಾರರು ಮಾಡುತ್ತಾರೆ. ಮನೆಯಲ್ಲಿ ತೋಟಕ್ಕೂ ಇದೇ ಕೋವಿ ಬಳಸುವುದರಿಂದ ನಾನು ಹಾಗೇ ಬಿಟ್ಟೆ. ಕ್ಲೇ ಮಾತ್ರ ಹೊಡೆಯುವವರು ಬೇಕಾದರೆ ಯೋಚಿಸಲಿ.

ಇನ್ನೊಂದು ಬಿಸಿ. ಅಕ್ಕಪಕ್ಕ ನಳಿಗೆಯ ಕೋವಿಗೆ ಮುಂದಿನ ಕೈ ಹಿಡಿಯುವ ಮರ ತೆಳು. ಬೆರಳು ನಳಿಗೆಗೇ ತಾಗುತ್ತದೆ. ಸುತ್ತು ಅರ್ಧ ಆಗುವಷ್ಟರಲ್ಲಿ ನಳಿಗೆ ಕಾದು ಕೈ ಸುಡುತ್ತದೆ. ಸೀಟಿನವರೇ ಒಂದು ಚರ್ಮದ ತೋಳು ಹೊಲಿದು ಕೊಟ್ಟರು, ನಳಿಗೆಗೆ ತೊಡಿಸುವಂಥದ್ದು. ಚೆನ್ನಾಗಿದೆ. ಅದರ ಮೇಲೆ ಅವರ ಅಂಗಡಿಯ ಹೆಸರೂ ಒತ್ತಿದ್ದಾರೆ, ನಾನು ಕೇಳದೆ.

ಫಲ ಏನು ಅಂದರೆ, ಮೊದಲು ಸುತ್ತಿಗೆ 25ರಲ್ಲಿ 10 ದಾಟುತ್ತಿರಲಿಲ್ಲ. ಕೆನ್ನೆ ಸಮ ಮಾಡಿ 24 ಗ್ರಾಂ ತೋಟೆಗೆ ಬಂದ ಮೇಲೆ 15ರಿಂದ 18ರ ನಡುವೆ ನಿಲ್ಲುತ್ತದೆ. ಕ್ಲಬ್ಬಿನ ಇಟಲಿ ಕೋವಿ ಹಿಡಿದಾಗ ಇನ್ನೂ ಮೂರ್ನಾಲ್ಕು ಜಾಸ್ತಿ ಬೀಳುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದರ ಮೇಲೊಂದು ನಳಿಗೆ ಇದ್ದಾಗ ಕಣ್ಣೆದುರು ಒಂದೇ ಸಣ್ಣ ಗೆರೆ. ನಮ್ಮದರಲ್ಲಿ ಎರಡು ನಳಿಗೆ ಅಗಲಕ್ಕೆ ಹರಡಿ ತಟ್ಟೆಯ ಅಡಿಯನ್ನೆಲ್ಲ ಮುಚ್ಚುತ್ತವೆ. ಅದಕ್ಕೆ ಮದ್ದಿಲ್ಲ. ಮತ್ತೆ, ಬೇಟೆಕೋವಿಯನ್ನು ವಾರಕ್ಕೆ ನೂರಾರು ತೋಟೆ ಹೊಡೆಯಲು ಕಟ್ಟಿರುವುದಿಲ್ಲ. ದಿನಾ ಅಭ್ಯಾಸ ಮಾಡುವ, ಸ್ಪರ್ಧೆಗೆ ಹೋಗುವ ಹುಡುಗ ಹುಡುಗಿಯರು ಇದರ ಮೇಲೆ ಖರ್ಚು ಮಾಡದೆ ಕ್ಲಬ್ಬಿನ ಕೋವಿಯಲ್ಲೇ ಕಲಿಯುವುದು ಒಳ್ಳೆಯದು. ಕೊಯ್ಲು ಮುಗಿದ ಮೇಲೆ ಆಗೊಮ್ಮೆ ಈಗೊಮ್ಮೆ ಹೋಗಿ ನಾಲ್ಕು ತಟ್ಟೆ ಒಡೆದು ಬರುವ ನನ್ನಂಥವರಿಗೆ ಇದು ಸಾಕು, ಧಾರಾಳ ಸಾಕು.

ಮಾಡಿಸುವವರಿಗೆ ಕ್ರಮ ಹೇಳುವುದಾದರೆ ತೋಟೆಮನೆಯ ಅಳತೆ ಮೊದಲು, ಕೆನ್ನೆ ಎರಡನೆಯದು, 24 ಗ್ರಾಂ ತೋಟೆ ಆಮೇಲೆ. ರಬ್ಬರ್ ಟೊಪ್ಪಿ, ಚರ್ಮದ ತೋಳು ಕೈಲಾದರೆ. ಸೀಸ ಕೊನೆಗೆ.

ಚರ್ಮದ ಕವರನ್ನು ಮಳೆಗಾಲದಲ್ಲಿ ಕೋವಿಯ ಮೇಲೇ ಬಿಡಬೇಡಿ. ಘಟ್ಟದ ಮೇಲಿನ ಮಳೆಗೆ ಚರ್ಮ ತೇವ ಹೀರಿ, ತೋಳಿನ ಅಡಿಯ ಕಬ್ಬಿಣಕ್ಕೆ ವಾರದೊಳಗೆ ತುಕ್ಕು ತರಿಸುತ್ತದೆ. ಕರಾವಳಿಯವರಿಗೆ ಉಪ್ಪುಗಾಳಿ ಬೇರೆ. ಬಿಚ್ಚಿ, ಒರೆಸಿ, ಕೋವಿ ಎಣ್ಣೆ ಹಚ್ಚಿ ಇಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಒಳಗೆಲ್ಲ ಅಂಟುತ್ತದೆ. ಆಯಿ ಈಗಲೂ ಅದನ್ನೇ ಹಚ್ಚು ಅನ್ನುತ್ತಾಳೆ.